ಅವ್ವನ ಗುಳಿಗೆಯೂ ನನ್ನ ಸ್ಟೇಟಸ್ ಬಾರೂ

ಆ ಬೆಳಗ್ಗೆ ನಾನು ಅವ್ವನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಟ್ಟಿದ್ದು ಒಂದೋ, ಎರಡೋ? ಬರೀ ನಿನ್ನ ನೆನಪನ್ನು ನಂಬಿ ಹೇಳು ಎಂದರೆ ಆಣೆ ಮಾಡಿ ಹೇಳಲಾರೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಕೊಟ್ಟ ಚಿತ್ರ ಕಣ್ಣೆದುರಿಗೇ ಇದೆ. ಆದರೆ ಅಂಥ ಚಿತ್ರಗಳು ನನ್ನ ತಲೆಯಲ್ಲಿ ನೂರಾರಿವೆ. ದಿನಾ ಅದೇ ಬಾಗಿಲು, ಅದೇ ಸ್ಟೀಲ್ ಲೋಟ, ಅದೇ ಅವ್ವ. ಯಾವುದು ಇವತ್ತಿನದು, ಯಾವುದು ನಿನ್ನೆಯದು? ನೆನಪಿಗೆ ಯಾರೂ ತಾರೀಕಿನ ಠಸ್ಸೆ ಒತ್ತಿರುವುದಿಲ್ಲವಲ್ಲ!

ಇದು ಹುಡುಗಾಟದ ಮಾತಲ್ಲ. ಒಂದು ತಪ್ಪಿದರೆ ನಡೆದೀತು, ಎರಡು ಮಾತ್ರ ಕೊಡಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಹಿಂದೊಮ್ಮೆ ಸಕ್ಕರೆ ಇಳಿದು, ಮೈಯೆಲ್ಲ ಬೆವೆತು, ಅವ್ವ ನನ್ನನ್ನೇ "ನೀವು ಯಾರ್ರಿ?" ಎಂದು ಕೇಳಿದ್ದಳು. ಹೆತ್ತ ಮಗನಿಗೆ ಬಹುವಚನ! ಆ 'ರಿ' ಇನ್ನೂ ಕಿವಿಯಲ್ಲಿದೆ.

ಅದಕ್ಕೇ ನಾನು ಆ ಪಟ್ಟಿ ಮಾಡಿಕೊಂಡಿದ್ದು.

ಪಟ್ಟಿ ಅಂದರೆ ಕಂಪ್ಯೂಟರ್ ಪರದೆಯ ನೆತ್ತಿಯ ಮೇಲೆ ಉದ್ದಕ್ಕೆ ಇರುವ ಸ್ಟೇಟಸ್ ಬಾರ್. ಗಡಿಯಾರ, ಬ್ಯಾಟರಿ ಎಲ್ಲ ತೋರಿಸುತ್ತದಲ್ಲ, ಅದು. ನಿಮ್ಮ ಕಂಪ್ಯೂಟರಿನಲ್ಲಿ ಅದು ತಾನಾಗಿಯೇ ಇರುತ್ತದೆ. ನನ್ನದರಲ್ಲಿ ಇರಲಿಲ್ಲ. ಯಾಕೆಂದರೆ ನಾನು ಸುಮ್ಮನಿರಲಾರದೆ ಟೈಲಿಂಗ್ ವಿಂಡೋ ಮ್ಯಾನೇಜರ್ ಹಾಕಿಸಿಕೊಂಡಿದ್ದೆ. ಮಾಮೂಲಿ ಕಂಪ್ಯೂಟರಿನಲ್ಲಿ ತೆರೆದ ವಿಂಡೋಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಇದು ಹಾಗೆ ಬಿಡುವುದಿಲ್ಲ. ನೆಲಕ್ಕೆ ಫರಸಿ ಹಾಸಿದಂತೆ ಪಕ್ಕಪಕ್ಕಕ್ಕೆ ಜೋಡಿಸುತ್ತದೆ. ಬಹಳ ಶಿಸ್ತು. ಆದರೆ ಮೊದಲ ದಿನ ಸಿಗುವುದು ಬೋಳು ಕಪ್ಪು ಪರದೆ. ಟೈಮ್ ಎಷ್ಟು? ಗೊತ್ತಿಲ್ಲ. ಚಾರ್ಜ್ ಎಷ್ಟು ಉಳಿದಿದೆ? ಗೊತ್ತಿಲ್ಲ. ಬೇಕಾದ್ದನ್ನು ನಾವೇ ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆದುಕೊಳ್ಳಬೇಕು.

ಇದನ್ನು ಹಾಕಿಕೊಟ್ಟವನು ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ದಾದಾಪೀರ. "ಸರ್, ಮನಿ ಕಟ್ಟಿ ಕೊಟ್ಟೀನ್ರಿ. ಗ್ವಾಡಿ ಗಡಿಯಾರ ನೀವ ಹಚ್ಕೋರಿ" ಎಂದು ನಕ್ಕು ಹೋದ.

ಹಚ್ಚಿಕೊಂಡೆ. ಎರಡು ವಾರ ಹಿಡಿಯಿತು. ಮೊದಲು ಗಡಿಯಾರ. ಆಮೇಲೆ ಬ್ಯಾಟರಿ. ಆಮೇಲೆ 'ನೀರು', ಅಂದರೆ ನಳದ ನೀರು ಬಂದು ಇಂದಿಗೆ ಎಷ್ಟು ದಿನವಾಯಿತು ಎಂಬ ಲೆಕ್ಕ. (ಗದಗ-ಬೆಟಗೇರಿಯವರಿಗೆ ಇದರ ಮಹತ್ವ ವಿವರಿಸಬೇಕಿಲ್ಲ.) ಕನ್ನಡ ಅಕ್ಷರಗಳು ಮೊದಲು ಬರೀ ಚೌಕ ಚೌಕ ಡಬ್ಬಿಗಳಾಗಿ ಬಂದವು. ಫಾಂಟಿನ ಹೆಸರು ಸರಿಯಾಗಿ ಬರೆದ ಮೇಲೆ 'ನೀರು' ಎಂದು ಮೂಡಿದಾಗ ಕುರ್ಚಿಯಿಂದ ಎದ್ದು ಹೆಂಡತಿಯನ್ನು ಕರೆದೆ.

ಗಿರಿಜಾ ಬಂದು ನೋಡಿದಳು. "ನೀರು ಬಂದು ಎಷ್ಟು ದಿನ ಆತು ಅಂತ ನಮ್ಮ ಖಾಲಿ ಕೊಡಾನ ಹೇಳ್ತಾವಲ್ರಿ. ಇದಕ್ಕ ಕಂಪ್ಯೂಟರ್ ಬೇಕೇನು?"

ಕೊನೆಗೆ ಹಾಕಿದ್ದು 'ಅವ್ವ'. ಯಾವುದೋ ದೇಶದ ಯಾರೋ ಒಬ್ಬ ಪುಣ್ಯಾತ್ಮ ತನ್ನ ಹೂಗಿಡಗಳಿಗೆ ನೀರು ಹಾಕಿದ್ದು ನೆನಪಿಡಲು ಬರೆದುಕೊಂಡಿದ್ದ ಏಳೆಂಟು ಸಾಲುಗಳನ್ನು ಇಂಟರ್ನೆಟ್ಟಿನಿಂದ ನಕಲು ಮಾಡಿ, ಗಿಡದ ಜಾಗದಲ್ಲಿ ಅವ್ವನನ್ನು ಕೂರಿಸಿದೆ. ಗುಳಿಗೆ ಕೊಟ್ಟ ಕೂಡಲೇ ಎರಡು ಕೀ ಒತ್ತಬೇಕು. 'ಅವ್ವ' ಹಸಿರಾಗುತ್ತದೆ. ಮರುದಿನ ಬೆಳಗ್ಗೆ ಮತ್ತೆ ಕೆಂಪು. ಕೊಟ್ಟು ಒತ್ತಿದರೆ ಮತ್ತೆ ಹಸಿರು.

ಏನು ನೆಮ್ಮದಿ ಅಂತೀರಿ! ಕೊಟ್ಟೆನೋ ಇಲ್ಲವೋ ಎಂಬ ದಿನದ ಪೀಕಲಾಟವೇ ಹೋಯಿತು. ಧಾರವಾಡದಲ್ಲಿ ಓದುವಾಗಿನಿಂದ ಯಾವುದನ್ನೂ ಪುರಾವೆಯಿಲ್ಲದೆ ಒಪ್ಪಿದವನಲ್ಲ ನಾನು. ಕಾಲೇಜಿನಲ್ಲಿ ಕಲಿಸುವುದೂ ತರ್ಕಶಾಸ್ತ್ರವನ್ನೇ. ಆದರೆ ಈ ಹಸಿರಿಗೆ ಪುರಾವೆ ಕೇಳಿದೆನೇ? ಇಲ್ಲ.

ಹೋದ ತಿಂಗಳು ಶಿರಹಟ್ಟಿಯಲ್ಲಿ ಚಿಗವ್ವನ ಮೊಮ್ಮಗನ ತೊಟ್ಟಿಲ ಕಾರ್ಯ. ಬೆಳಗಿನ ಬಸ್ಸಿಗೇ ಹೊರಡಬೇಕೆಂದು ಮನೆಮಂದಿಯೆಲ್ಲ ನಾಲ್ಕೂವರೆಗೆ ಎದ್ದೆವು. ದಿನಾ ಏಳೂವರೆಗೆ ನಾಷ್ಟಾ ಮಾಡುವ ಅವ್ವ ಅವತ್ತು ಐದಕ್ಕೇ ಉಪ್ಪಿಟ್ಟು ತಿಂದಳು. ಗುಳಿಗೆ ಕೊಟ್ಟೆ. (ಕೊಟ್ಟೆ ಎಂದು ನನ್ನ ನೆನಪು.) ಕೀ ಒತ್ತಿದೆ. ಹಸಿರಿತ್ತು.

ಹೊರಡುವ ಮುಂಚೆ, ಐದೂ ಮುಕ್ಕಾಲಿಗೆ, ಲ್ಯಾಪ್‌ಟಾಪ್ ಮುಚ್ಚಲು ಹೋದರೆ 'ಅವ್ವ' ಕೆಂಪು!

ಕೊಟ್ಟಿಲ್ಲವೇ? ಹಾಗಾದರೆ ಅಡುಗೆಮನೆಯ ಬಾಗಿಲಿನ ಚಿತ್ರ? ಅದು ನಿನ್ನೆಯದಿರಬೇಕು. ವಯಸ್ಸು ಐವತ್ತೆಂಟಾಯಿತು. ಮರೆವು ಶುರುವಾಯಿತೇ ನನಗೂ?

"ಗಿರಿಜಾ, ಅವ್ವಗ ಗುಳಿಗಿ ಕೊಟ್ಟಿದ್ದು ನೋಡಿದೇನು?"

"ನಾ ಬುತ್ತಿ ಕಟ್ಟಾಕತ್ತಿದ್ದೆ. ನಿಮ್ಮ ಕಡೆ ನೋಡ್ಕೋತ ನಿಂದರಾಕ ನನಗೇನು ಹೊಸದಾಗಿ ಲಗ್ನ ಆಗೇತೇನ್ರಿ?"

ಅವ್ವನ ಹತ್ತಿರ ಹೋದೆ. ಸೀರೆಯ ನಿರಿಗೆ ಸರಿ ಮಾಡಿಕೊಳ್ಳುತ್ತಿದ್ದಳು. "ಕೊಟ್ಟೀಯಲ್ಲೋ ಆಗಳೇ" ಎಂದಳು.

ಆದರೆ ಅವ್ವನ ಸಾಕ್ಷಿಯನ್ನು ಹೇಗೆ ನಂಬುವುದು? ಗುಳಿಗೆ ಎಂದರೆ ಅವಳಿಗೆ ಆಗದು. ತಗೊಳ್ಳದೆಯೇ 'ತಗೊಂಡೆ' ಎಂದ ದಿನಗಳುಂಟು. ನನ್ನ ನೆನಪು ಒಂದು ಕಡೆ, ಅವ್ವನ ಮಾತೂ ಅದೇ ಕಡೆ, ಯಂತ್ರ ಒಂದೇ ಇನ್ನೊಂದು ಕಡೆ. ಇಬ್ಬರು ಮನುಷ್ಯರ ಮಾತನ್ನು ಬಿಟ್ಟು ತರ್ಕಶಾಸ್ತ್ರದ ಮೇಷ್ಟ್ರು ಯಂತ್ರವನ್ನು ನಂಬಿದರು. "ತಗೋ ಅವ್ವ, ಬಾಯಿ ತಗಿ" ಎಂದು ಗುಳಿಗೆ ಇಟ್ಟು ನೀರು ಕೊಟ್ಟೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನೆ ಬಾಯಿ ಮುಚ್ಚಿದಳು. ನಾನು ಹೋಗಿ ಮತ್ತೆ ಕೀ ಒತ್ತಿ, 'ಅವ್ವ' ಹಸಿರಾದದ್ದು ನೋಡಿಯೇ ಲ್ಯಾಪ್‌ಟಾಪ್ ಮುಚ್ಚಿದೆ.

ಬಸ್ಸು ಸೊರಟೂರಿನ ಹತ್ತಿರ ಬಂದಾಗ ಜೇಬಿನಲ್ಲಿ ಕೈ ಹೋಯಿತು. ಗುಳಿಗೆಯ ಸ್ಟ್ರಿಪ್. ನಿನ್ನೆಯಷ್ಟೇ ಹೊಸದಾಗಿ ಒಡೆದದ್ದು. ನಿನ್ನೆಯದು, ಇವತ್ತಿನದು ಸೇರಿ ಎರಡು ಗುಳಿಗೆಯ ಗೂಡು ಖಾಲಿ ಇರಬೇಕು. ನೋಡಿದರೆ ಮೂರು!

ನಿನ್ನೆ ಒಡೆದದ್ದೋ, ಮೊನ್ನೆಯೋ? ನೆನಪಾಗಲಿಲ್ಲ. ಆದರೆ ಭಯಕ್ಕೆ ಅಷ್ಟು ಸಾಕು. ಮುಂದಿನ ಸೀಟಿನಲ್ಲಿದ್ದ ಅವ್ವನ ಹಣೆ ಮುಟ್ಟಿದೆ. "ತಲಿ ತಿರಗಾಕತ್ತೈತೇನವ್ವಾ?"

"ಇಲ್ಲೋ."

ಐದು ನಿಮಿಷ ಬಿಟ್ಟು ಮತ್ತೆ ಕೇಳಿದೆ.

"ನಿನ್ನ ನೋಡೀನ ತಿರಗಾಕತ್ತೈತಿ ನೋಡು. ಸುಮ್ನ ಕುಂಡ್ರು."

ಗಿರಿಜಾಳ ಚೀಲದಲ್ಲಿದ್ದ ಎರಡು ಬಾಳೆಹಣ್ಣು ತಿನ್ನಿಸಿದೆ. ಶಿರಹಟ್ಟಿಯಲ್ಲಿ ಇಳಿದ ಕೂಡಲೇ ಸಕ್ಕರೆ ಜಾಸ್ತಿ ಹಾಕಿಸಿ ಚಹಾ ಕುಡಿಸಿದೆ. ಚಿಗವ್ವನ ಮನೆಯಲ್ಲಿ ಹೋಳಿಗೆ ಬಂತು. ನಾನೇ ಇನ್ನೊಂದು ನೀಡಿಸಿದೆ. ವರ್ಷಗಟ್ಟಲೆ ಸಿಹಿಯ ವಾಸನೆಗೂ ಬಿಡದ ಮಗ ಹೀಗೆ ಧಾರಾಳಿಯಾದದ್ದನ್ನು ಅವ್ವ ಒಂದು ಮಾತೂ ಆಡದೆ ಸ್ವೀಕರಿಸಿದಳು. ಮೂರನೇ ಹೋಳಿಗೆಗೆ ತುಪ್ಪವನ್ನೂ ಕೇಳಿದಳು.

ನನಗೆ ಮಾತ್ರ ತುತ್ತು ಇಳಿಯಲಿಲ್ಲ. ಎಷ್ಟು ಹೊತ್ತಿಗೆ ಮತ್ತೆ ಆ 'ನೀವು ಯಾರ್ರಿ' ಬರುತ್ತದೋ ಎಂದು ಅವಳ ಬಾಯನ್ನೇ ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ, "ನಡಿ ಅವ್ವಾ, ದವಾಖಾನಿಗೆ ಹೋಗೂಣು. ರಕ್ತ ತಪಾಸ ಮಾಡಸೂಣು" ಎಂದೆ.

"ಸೂಜಿ ಚುಚ್ಚತಾರೇನೋ?"

"ಚುಚ್ಚತಾರ."

ಅವ್ವ ನಿಟ್ಟುಸಿರು ಬಿಟ್ಟು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಅರ್ಧ ಕರಗಿ ಸೀರೆಗೆ ಅಂಟಿಕೊಂಡ ಗುಳಿಗೆ!

"ಒಂದು ನುಂಗಿದ್ನೆಪಾ. ಇನ್ನೊಂದು ಕೊಡಾಕ ಬಂದಿ. ಬ್ಯಾಡ ಅಂದ್ರ ಕೇಳೂ ಪೈಕಿ ಅಲ್ಲ ನೀ. ಅತ್ತಾಗ ಹೋದ ಮ್ಯಾಲೆ ಉಗುಳಿದೆ."

"ಬಸ್ಸಿನ್ಯಾಗ ಹೇಳಾಕ ಏನಾಗಿತ್ತವ್ವಾ? ಜೀವ ಹೋಗಿತ್ತು ನನಗ!"

"ಹೇಳಿದ್ರ ಹೋಳಿಗಿ ನೀಡಿಸ್ತಿದ್ದೇನು?"

ಮನೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂದದ್ದು ನಗುವಿಗೇ ಎಂದು ಎಲ್ಲರೂ ತಿಳಿದರು. ಬೆಳಗಿನಿಂದ ಕಟ್ಟಿದ್ದ ಉಸಿರು ಆಗ ಬಿಟ್ಟದ್ದು. ಆಮೇಲೆ ಕುಳಿತು ನಾನೂ ಎರಡು ಹೋಳಿಗೆ ತಿಂದೆ.

ಆದರೆ ಸಂಶಯದ ಹುಳು ಸುಮ್ಮನಿರುತ್ತದೆಯೇ? ಸಂಜೆ ಮನೆಗೆ ಬಂದ ಮೇಲೆ ಕೇಳಿದೆ: "ಎರಡನೇದ್ದು ಉಗುಳಿದಿ, ಖರೆ. ಮೊದಲನೇದ್ದು ನುಂಗಿದ್ದಕ್ಕ ಏನು ಪುರಾವಿ?"

ಅವ್ವ ತನ್ನ ನವಾರದ ಮಂಚದ ಅಂಚಿಗೆ ಹೊದಿಸಿದ್ದ ಕೌದಿಯನ್ನು ಸರಿಸಿದಳು. ಅಲ್ಲಿ ಸಾಲಾಗಿ ಪುಟ್ಟ ಪುಟ್ಟ ನೂಲಿನ ಗಂಟುಗಳು. ಬಿಳಿ, ಬಿಳಿ, ಬಿಳಿ, ನಡುನಡುವೆ ಒಂದು ಕೆಂಪು. ಅವ್ವ ಬೆಟಗೇರಿಯ ನೇಕಾರರ ಮಗಳು. ನೇಯ್ದ ಬಟ್ಟೆ ಮಗ್ಗಕ್ಕೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಎಷ್ಟು ನೇಯ್ದಾಯಿತು ಎಂಬುದು ಕುಳಿತವರಿಗೆ ಕಾಣುವುದಿಲ್ಲ. ಅದಕ್ಕೆ ಅಂಚಿನಲ್ಲಿ ಗುರುತಿನ ನೂಲು ಕಟ್ಟುವುದು ಅವಳ ತವರಿನ ರೂಢಿ. ಗುಳಿಗೆ ನುಂಗಿದ ದಿನಕ್ಕೊಂದು ಬಿಳಿ. ಸೋಮವಾರಕ್ಕೆ ಕೆಂಪು. ನುಂಗದ ದಿನ ಗಂಟಿಲ್ಲ, ಬರೀ ಜಾಗ. (ಅಂಥ ಜಾಗಗಳೂ ಒಂದೆರಡು ಕಂಡವು.) ಕೊನೆಯ ಕೆಂಪಿನ ಮುಂದೆ ಮಂಗಳವಾರದ್ದೊಂದು, ಬುಧವಾರದ್ದೊಂದು, ಅವತ್ತಿನ ಗುರುವಾರದ್ದೊಂದು ಬಿಳಿ ಗಂಟು.

"ಇದನ್ನ ಯಾವಾಗಿಂದ ಕಟ್ಟಾಕತ್ತೀ?"

"ನೀ ದಿನಾ ಎರಡೆರಡು ಸಲ 'ಕೊಟ್ನೇನವ್ವಾ, ಕೊಟ್ನೇನವ್ವಾ' ಅಂತ ಕೇಳಾಕ ಶುರು ಮಾಡಿದಿ ನೋಡು, ಆವಾಗಿಂದ. ನನ್ನ ಮಗಗ ಮರವು ಬಂತು ಅಂತ ನಾ ಅಂಜಿದ್ನೆಪಾ."

ಅಂದರೆ ನಾನು ಅವ್ವನಿಗಾಗಿ ಪಟ್ಟಿ ಕಟ್ಟುವ ಮೊದಲೇ ಅವಳು ನನಗಾಗಿ ಒಂದನ್ನು ಕಟ್ಟಿ ಮುಗಿಸಿದ್ದಳು. ಬ್ಯಾಟರಿ ಬೇಡ, ಫಾಂಟ್ ಬೇಡ. ನುಂಗಿದ ಬಾಯಿಯವಳೇ ಕಟ್ಟಿದ ಗಂಟು. 'ನನಗೆ ಸರಿಯಾಗಿ ನೆನಪಿಲ್ಲ' ಎಂದು ಒಪ್ಪಿಕೊಳ್ಳುವವರನ್ನು ನಾವು ಸಂಶಯಪಡುತ್ತೇವೆ. ಎಂದೂ ಹಾಗೆ ಹೇಳದ ಯಂತ್ರವನ್ನು ನಂಬಿಬಿಡುತ್ತೇವೆ. ಇದು ಯಾವ ತರ್ಕ?

ಹಾಗಾದರೆ ಕೆಂಪಾದದ್ದು ಯಾಕೆ? ದಾದಾಪೀರನನ್ನು ಕರೆಸಿದೆ. ನಾನು ನಕಲು ಮಾಡಿದ ಸಾಲುಗಳ ಮೇಲೆ ಬೆರಳಾಡಿಸಿ ಅವನು ಒಂದೇ ನಿಮಿಷದಲ್ಲಿ ನಕ್ಕ. "ಸರ್, ಗಡಿಯಾರ ನಮ್ಮೂರದ ಐತ್ರಿ. ಆದರ ಅವ್ವಾರ ಗುಳಿಗಿಗೆ ಹಾಕಿದ್ದು ಲಂಡನ್ನಿನ ತಾರೀಕು! ಅಲ್ಲಿ ತಾರೀಕು ಬದಲಾಗೂದು ನಮ್ಮ ಬೆಳಿಗ್ಗಿ ಐದೂವರಿಗೆ. ನೀವು ಐದಕ್ಕ ಒತ್ತಿದ್ದು ಹಿಂದಿನ ದಿನದ ಲೆಕ್ಕಕ್ಕ ಹೋತು. ನೀವು ದಿನಾ ಏಳೂವರಿಗೆ ಕೊಡ್ತಿದ್ರಿ, ಹಂಗಾಗಿ ಗೊತ್ತಾಗಿಲ್ಲ."

ಯಾರು ಹೇಳಿದರೂ ಕಣ್ಣಾರೆ ನೋಡದೆ ನಂಬಲಾರೆ. ಸರಿಪಡಿಸುವುದು ಬೇಡ, ಒಂದು ದಿನ ಹಾಗೇ ಇರಲಿ ಎಂದೆ.

ಮರುದಿನ ಬೆಳಗ್ಗೆ ಐದಕ್ಕೇ ಎದ್ದು ಪರದೆಯ ಮುಂದೆ ಕುಳಿತೆ. ಅವ್ವ ಇನ್ನೂ ಮಲಗಿದ್ದಳು, ಗುಳಿಗೆ ಕೊಟ್ಟಿರಲಿಲ್ಲ, ಆದರೂ 'ಅವ್ವ' ಹಸಿರಾಗಿಯೇ ಇತ್ತು. ಸರಿಯಾಗಿ ಐದೂವರೆಗೆ ಕೆಂಪಾಯಿತು.