‘ಹೂಂ’ ಅನ್ನಿಸಿದರೆ ಫೇಲು

ಬೆಳಿಗ್ಗೆ ಆರೂಕಾಲು. ಹೊಸನಗರದ ಹೊಲಿಗೆ ತರಬೇತಿ ಕೇಂದ್ರವೊಂದರಲ್ಲಿ ಮೆಷಿನ್ನುಗಳನ್ನೆಲ್ಲ ಗೋಡೆಗೆ ಒತ್ತರಿಸಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಒಬ್ಬ ಅಜ್ಜಿಯನ್ನು ಮಲಗಿಸಿದ್ದಾರೆ. ಅಜ್ಜಿಗೆ ಕಾಯಿಲೆಯೇನೂ ಇಲ್ಲ. ಕೊರಳವರೆಗೆ ಹೊದಿಕೆ ಎಳೆದುಕೊಂಡು, ಬರುವ ನಗುವನ್ನು ತಡೆದುಕೊಂಡು ಮಲಗಿದ್ದಾರೆ. ಸುತ್ತ ಏಳು ಮಂದಿ ನರ್ಸುಗಳು. ಎಂಟು ಗಂಟೆಯ ಡ್ಯೂಟಿಗೆ ಹೋಗುವ ಮುಂಚೆ ಇಲ್ಲಿಗೆ ಬಂದವರು. ಅವರಲ್ಲೊಬ್ಬಳು, ಯಶೋಧಾ, ಔಷಧಿಯ ಟ್ರೇ ಹಿಡಿದು ಮೇಜಿನ ಬಳಿ ಬರುತ್ತಾಳೆ.

“ಅಜ್ಜಿ, ನೀವು ಕೆರಿಯಮ್ಮ ಅಲ್ವಾ?”

“ಹೂಂ.”

“ಸಕ್ಕರೆ ಕಾಯಿಲೆ ಇದೆ ಅಲ್ವಾ?”

“ಹೂಂ.”

“ಊಟಕ್ಕೆ ಮುಂಚೆ ಇಂಜೆಕ್ಷನ್ ಇತ್ತಲ್ವಾ?”

“ಹೂಂ ಕಣೇ, ಕೊಡು.”

ಯಶೋಧಾ ಸಿರಿಂಜು ಎತ್ತುತ್ತಾಳೆ. ಮೂಲೆಯಲ್ಲಿ ನಿಂತಿದ್ದ ಹೆಂಗಸು ದರ್ಜಿಯ ಅಳತೆಪಟ್ಟಿಯಿಂದ ಮೇಜನ್ನು ಟಕ್ಕೆಂದು ಬಡಿಯುತ್ತಾರೆ. “ಫೇಲು! ಇವರ ಹೆಸರು ಕನ್ನಮ್ಮ. ಸಕ್ಕರೆ ಕಾಯಿಲೆ ಇವರಿಗೆ ಇಲ್ಲವೇ ಇಲ್ಲ. ನೀನು ಕೇಳಿದ್ದು ಪ್ರಶ್ನೆ ಅಲ್ಲ ಮಾರಾಯ್ತಿ, ಉತ್ತರಾನೇ ಅವರ ಬಾಯಿಗೆ ತುರುಕಿದ್ದು.”

ಈ ಹೆಂಗಸು ಶ್ಯಾಮಲಾ. ವಯಸ್ಸು ಐವತ್ತಾರು. ಮೂವತ್ತೊಂದು ವರ್ಷ ನರ್ಸಾಗಿ ದುಡಿದವರು. ಈಗ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಕಟ್ಟುವುದು ಇವರ ಕಸುಬು. ಮಂಗಳವಾರ ಸಾಗರ, ಬುಧವಾರ ಹೊಸನಗರ, ಶನಿವಾರ ತೀರ್ಥಹಳ್ಳಿಯಲ್ಲಿ ಈ ಪಾಠ. ಸಣ್ಣಪುಟ್ಟ ನರ್ಸಿಂಗ್ ಹೋಮುಗಳ ಹುಡುಗಿಯರು ಯಾರು ಬೇಕಾದರೂ ಬರಬಹುದು. ಹದಿನಾಲ್ಕು ತಿಂಗಳಲ್ಲಿ ನೂರ ಎಂಬತ್ತೆರಡು ಜನ ಬಂದು ಹೋಗಿದ್ದಾರೆ. ಫೀಸಿಲ್ಲ, ಸರ್ಟಿಫಿಕೇಟಿಲ್ಲ, ಹಾಜರಿ ಪುಸ್ತಕವೂ ಇಲ್ಲ. “ಎಲ್ಲಿ ಸಹಿ ಹಾಕಬೇಕು ಮೇಡಂ?” ಎಂದು ಹೊಸಬಳೊಬ್ಬಳು ಕೇಳಿದಾಗ ಅವರ ಮುಖ ಕೆಂಪಾದದ್ದನ್ನು ನಾನೇ ನೋಡಿದೆ. “ಸಹಿಗಿಹಿ ಎಲ್ಲ ಇಲ್ಲಿಲ್ಲ. ಕಲಿತ್ಕೊಂಡು ಹೋಗು,” ಎಂದರು.

ಸಹಿಯ ಮೇಲೆ ಇವರಿಗೆ ಯಾಕಿಷ್ಟು ಸಿಟ್ಟು ಎಂದು ತಿಳಿದ ಮೇಲೆ ನನಗೂ ಸಿಟ್ಟು ಬಂತು. ಅದಿನ್ನೂ ಇಳಿದಿಲ್ಲ. ಇಳಿಸಿಕೊಂಡು ಬರೆಯುವ ಆಸೆಯೂ ನನಗಿಲ್ಲ.

ಈ ಸೀಮೆಯ ಖಾಸಗಿ ಆಸ್ಪತ್ರೆಯೊಂದು. ವಿಚಾರಣೆ ಮುಗಿದಿಲ್ಲವಾದ್ದರಿಂದ ಹೆಸರು ಬೇಡ. ಶ್ಯಾಮಲಾ ಅಲ್ಲಿ ನರ್ಸುಗಳ ಮೇಲ್ವಿಚಾರಕಿಯಾಗಿದ್ದರು. ಗುಣಮಟ್ಟದ ಸರ್ಟಿಫಿಕೇಟು ಸಿಕ್ಕರೆ ವಿಮೆಯ ರೋಗಿಗಳು ಬರುತ್ತಾರೆಂದು ಆಡಳಿತದವರಿಗೆ ಆತುರ. ತಪಾಸಣೆ ಮಾಡುವವರು ಬರುವ ಹಿಂದಿನ ವಾರ ‘ರೋಗಿ ಸುರಕ್ಷತಾ ತರಬೇತಿ’ ಎಂಬ ಬ್ಯಾನರ್ ಕಟ್ಟಿಸಿದರು. ಕೈಗೆ ಸಿಕ್ಕ ಆರು ನರ್ಸುಗಳನ್ನು ಅದರ ಕೆಳಗೆ ನಿಲ್ಲಿಸಿ ಫೋಟೊ ತೆಗೆಸಿದರು. ಸಮೋಸ ಹಂಚಿದರು. ತರಬೇತಿ ಮುಗಿಯಿತು! ಮರುದಿನ ರಿಜಿಸ್ಟರ್ ವಾರ್ಡು ವಾರ್ಡು ಸುತ್ತಿ ಮೂವತ್ತನಾಲ್ಕು ಸಹಿಗಳೊಂದಿಗೆ ವಾಪಸು ಬಂತು. ತಪಾಸಣೆಯ ದಿನ ಎಲ್ಲ ರೋಗಿಗಳ ಮಣಿಕಟ್ಟಿಗೂ ಹೆಸರಿನ ಪಟ್ಟಿ ಕಟ್ಟಿದರು. ತಪಾಸಣೆಯವರ ಕಾರು ಗೇಟು ದಾಟಿದ ಮೇಲೆ ಆ ಪಟ್ಟಿಗಳು ಮತ್ತೆ ಬೀರು ಸೇರಿದವು.

ಆ ಮೂವತ್ತನಾಲ್ಕು ಸಹಿಗಳಲ್ಲಿ ಭವ್ಯಾಳದ್ದೂ ಒಂದು. ತಾಳಗುಪ್ಪದ ಕಡೆಯ ಹುಡುಗಿ, ಆಗ ಇಪ್ಪತ್ತಮೂರು ವರ್ಷ, ಕೆಲಸಕ್ಕೆ ಸೇರಿ ಐದು ತಿಂಗಳು. ಸಮೋಸ ಹಂಚಿದ ಹೊತ್ತಿಗೆ ಅವಳು ಶಿವಮೊಗ್ಗದ ದಾರಿಯಲ್ಲಿ ಆಂಬುಲೆನ್ಸಿನೊಳಗೆ ರೋಗಿಯೊಬ್ಬರ ಆಕ್ಸಿಜನ್ ನೋಡಿಕೊಳ್ಳುತ್ತಿದ್ದಳು. ಮರುದಿನ ಡ್ಯೂಟಿಗೆ ಬಂದಾಗ ರಿಜಿಸ್ಟರ್ ಮುಂದೆ ಹಿಡಿದು “ಇಲ್ಲೊಂದು ಸೈನ್ ಹಾಕು” ಎಂದರು. ಹಾಕಿದಳು.

ಎರಡು ತಿಂಗಳ ಮೇಲೆ ಹೆಂಗಸರ ವಾರ್ಡಿನಲ್ಲಿ ಇಬ್ಬರು ಕನ್ನಮ್ಮಂದಿರು ಸೇರಿದರು. ಒಬ್ಬರು ಸಕ್ಕರೆ ಕಾಯಿಲೆಯ ಕನ್ನಮ್ಮ, ಜಟ್ಟಿಂಗಪ್ಪನವರ ಹೆಂಡತಿ. ಇನ್ನೊಬ್ಬರು ಕಾಲಿನ ಗಾಯಕ್ಕೆ ಬಂದ, ನಗರ ಎಂಬ ಹಳ್ಳಿಯ ಕಡೆಯ ಕನ್ನಮ್ಮ, ದುಗ್ಗಪ್ಪನವರ ಹೆಂಡತಿ. ಸಂಜೆ ಏಳು ಗಂಟೆ, ಇಪ್ಪತ್ತೆಂಟು ರೋಗಿಗಳಿಗೆ ಭವ್ಯಾ ಒಬ್ಬಳೇ. ಇನ್ಸುಲಿನ್ ಹಿಡಿದು ಬಂದವಳು ಚೀಟಿ ನೋಡಿ, “ಕನ್ನಮ್ಮ, ಜಟ್ಟಿಂಗಪ್ಪನವರ ಹೆಂಡ್ತಿ ಅಲ್ವಾ?” ಎಂದು ಕೇಳಿದಳು. ದುಗ್ಗಪ್ಪನವರ ಹೆಂಡತಿ “ಹೂಂ” ಎಂದರು.

ಯಾಕೆ ಹಾಗೆಂದಿರಿ ಎಂದು ನಾನು ಅವರನ್ನೇ ಕೇಳಿದೆ. ಹೊಲಿಗೆ ಮೇಜಿನಿಂದ ಇಳಿದು ಚಾ ಕುಡಿಯುತ್ತಿರುವ ಅಜ್ಜಿ ಅವರೇ.

“ಅಲ್ಲ ಅಂದ್ರೆ ಹಂಗಾರೆ ನಿನ್ನ ಗಂಡ ಯಾರು ಅಂತ ಕೇಳ್ತದೆ ಆ ಹುಡುಗಿ,” ಎಂದರು ಕನ್ನಮ್ಮ. “ಅವರ ಹೆಸರು ನಾನು ಬಾಯಲ್ಲಿ ಹೇಳದು ಹೆಂಗೆ? ಮದ್ವೆ ಆಗಿ ಐವತ್ತು ವರ್ಷ ಆತು, ಒಂದಿನ ಹೇಳಿಲ್ಲ. ಅಷ್ಟು ಜನರ ಮುಂದೆ ಹೇಳದಾ? ಕನ್ನಮ್ಮ ಅಂದ್ಲಲ್ಲ, ಅದು ಸರಿ ಇತ್ತು. ಹೂಂ ಅಂದೆ. ಸಿಸ್ಟರ್ ಕೇಳಿದ್ರೆ ಇಲ್ಲ ಅನ್ನಕ್ಕೆ ನಾವ್ಯಾರು?”

ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಅರ್ಧ ಗಂಟೆಯಲ್ಲಿ ಕನ್ನಮ್ಮ ಬೆವರಿ, ತೊದಲಲು ಶುರುಮಾಡಿದರು. ಅದನ್ನು ಕಂಡವಳು ಭವ್ಯಾ. ಓಡಿಹೋಗಿ ಸಕ್ಕರೆ ಪರೀಕ್ಷಿಸಿದವಳು ಭವ್ಯಾ. ಎಪ್ಪತ್ತರ ಮೇಲಿರಬೇಕಾದದ್ದು ಮೂವತ್ತನಾಲ್ಕಕ್ಕೆ ಇಳಿದಿತ್ತು. ಡಾಕ್ಟರನ್ನು ಕರೆದು, “ಸರ್, ನಾನೇ ತಪ್ಪು ಪೇಷೆಂಟಿಗೆ ಇನ್ಸುಲಿನ್ ಕೊಟ್ಟೆ,” ಎಂದು ಆ ಕ್ಷಣವೇ ಬಾಯಿಬಿಟ್ಟವಳೂ ಭವ್ಯಾ. ತಕ್ಷಣ ಗ್ಲೂಕೋಸ್ ಏರಿಸಿದರು. ಕನ್ನಮ್ಮ ಉಳಿದರು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ವಯಸ್ಸಾದವರು, ಸೋಂಕು ಮೈಗೇರಿತು ಎಂದು ಬರೆದು ಮುಗಿಸುತ್ತಿದ್ದರು.

ಜೀವ ಉಳಿಸಿದ ಆ ಪ್ರಾಮಾಣಿಕತೆಗೆ ಸಿಕ್ಕಿದ ಬಹುಮಾನವೇನು? ನಾಲ್ಕನೇ ದಿನ ಅವಳನ್ನು ಕೆಲಸದಿಂದ ತೆಗೆದರು. ‘ತರಬೇತಿ ಪಡೆದಿದ್ದರೂ ನಿರ್ಲಕ್ಷ್ಯ ತೋರಿದ್ದಾರೆ’ ಎಂದು ಆದೇಶದಲ್ಲಿ ಬರೆದರು. ಸಾಕ್ಷಿಗೆ ರಿಜಿಸ್ಟರಿನ ಸಹಿ! ಎಂದೂ ನಡೆಯದ ತರಬೇತಿಯನ್ನು ತೋರಿಸಿ ಆಸ್ಪತ್ರೆ ಕೈತೊಳೆದುಕೊಂಡಿತು. ಒಬ್ಬಳ ಕೊರಳಿಗೆ ಇಪ್ಪತ್ತೆಂಟು ರೋಗಿಗಳನ್ನು ಕಟ್ಟಿದ್ದು ಯಾರು, ಮಣಿಕಟ್ಟಿನ ಪಟ್ಟಿ ಬೀರು ಸೇರಿದ್ದು ಯಾಕೆ ಎಂದು ಯಾರೂ ಕೇಳಲಿಲ್ಲ. ಅನುಭವದ ಪತ್ರ ಕೊಡಲಿಲ್ಲವಾದ್ದರಿಂದ ಬೇರೆಲ್ಲೂ ಕೆಲಸವಿಲ್ಲ. ಭವ್ಯಾ ಈಗ ಸಾಗರದ ಜವಳಿ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುತ್ತಾಳೆ. ಇನ್ನು ಆ ಆಸ್ಪತ್ರೆಯಲ್ಲಿ ಯಾವ ನರ್ಸು ತಾನೇ ತನ್ನ ತಪ್ಪನ್ನು ಹೇಳಿಯಾಳು? ಮುಂದಿನ ರೋಗಿಗೆ ಯಾರು ದಿಕ್ಕು?

ಇಷ್ಟೇ ಆಗಿದ್ದರೆ ಇದು ಭವ್ಯಾಳ ಕತೆ. ಶ್ಯಾಮಲಾ ಇದರೊಳಗೆ ಬರುವುದು ಇನ್ನೊಂದು ಸಹಿಯ ಮೂಲಕ. ರಿಜಿಸ್ಟರಿನ ಪುಟದ ಕೆಳಗೆ ‘ತರಬೇತಿ ನೀಡಿದವರು’ ಎಂಬ ಗೆರೆಯಿದೆ. ಅಲ್ಲಿರುವುದು ಇವರ ಸಹಿ.

“ಆಡಳಿತದವರು ಹಾಕಿ ಅಂದ್ರು, ಹಾಕಿದೆ,” ಎನ್ನುತ್ತಾರೆ ಶ್ಯಾಮಲಾ. ದನಿಯಲ್ಲಿ ತಮ್ಮ ಬಗ್ಗೆ ಸ್ವಲ್ಪವೂ ಕರುಣೆಯಿಲ್ಲ. “ಭವ್ಯಾನ್ನ ವಿಚಾರಣೆಗೆ ಕರೆದಾಗ ನನ್ನನ್ನೂ ಕರೆದ್ರು. ‘ಸಿಸ್ಟರ್, ನೀವು ಇವರಿಗೆ ತರಬೇತಿ ಕೊಟ್ಟಿದ್ದೀರಲ್ಲ?’ ಅಂತ ಮ್ಯಾನೇಜರ್ ಕೇಳಿದ್ರು. ಆ ಹುಡುಗಿ ನನ್ನ ಮುಖಾನೇ ನೋಡ್ತಾ ಕೂತಿತ್ತು. ನಾನು ಹೂಂ ಅಂದೆ.”

ಅವರು ಅಳತೆಪಟ್ಟಿಯನ್ನು ಒರೆಸಿಡುತ್ತಾರೆ. “ಕನ್ನಮ್ಮ ಓದಿಲ್ಲ, ಬರೆದಿಲ್ಲ, ಗಂಡನ ಹೆಸರು ಹೇಳಕ್ಕೆ ನಾಚ್ಕೊಂಡು ಹೂಂ ಅಂದ್ರು. ನಂಗೆ ಯಾವ ನಾಚಿಕೆ ಇತ್ತು ಹೇಳಿ? ಕೆಲಸ ಹೋಗ್ತದೆ ಅನ್ನೋ ಹೆದರಿಕೆ, ಅಷ್ಟೇ. ಅವರ ಹೂಂಗೆ ಗ್ಲೂಕೋಸ್ ಇತ್ತು. ನನ್ನದಕ್ಕೆ ಎಂತ ಮದ್ದು?”

ಮದ್ದನ್ನು ಅವರೇ ಹುಡುಕಿಕೊಂಡರು. ಆ ತಿಂಗಳೇ ಕೆಲಸ ಬಿಟ್ಟರು. ನಗರಕ್ಕೆ ಹೋಗಿ ಕನ್ನಮ್ಮನನ್ನು ಕಂಡು ನಡೆದದ್ದನ್ನೆಲ್ಲ ಹೇಳಿದರು. “ಹಂಗಾರೆ ನಾನೇ ಬಂದು ಮಲಗ್ತೀನಿ, ಹುಡುಗೀರು ಕಲೀಲಿ,” ಎಂದವರು ಕನ್ನಮ್ಮ. ಅಂದಿನಿಂದ ಹೊಸನಗರದ ಪಾಠದಲ್ಲಿ ಅಜ್ಜಿ ಯಾವ ಹೆಸರು ಹಿಡಿದು ಕೇಳಿದರೂ ಹೂಂ ಎನ್ನುತ್ತಾರೆ. ಹೂಂ ಅನ್ನಿಸಿದವಳು ಫೇಲು. “ನಿಮ್ಮ ಹೆಸರೇನು? ಯಾವೂರಿಂದ ಬಂದ್ರಿ? ದೊಡ್ಡ ಮಗನ ಹೆಸರೆಂತ? ಎಂತ ಆಗಿ ಬಂದದ್ದು?” ಎಂದು ಕೇಳಿ, ಉತ್ತರವನ್ನು ಚೀಟಿಯೊಂದಿಗೆ ಹೋಲಿಸಿದವಳು ಪಾಸು. ಗಂಡನ ಹೆಸರು ಹೇಳದ ಹೆಂಗಸರು ಮಗನ ಹೆಸರನ್ನು ಬಾಯಿತುಂಬ ಹೇಳುತ್ತಾರೆ ಎಂಬುದನ್ನು ಶ್ಯಾಮಲಾ ಯಾವ ಪುಸ್ತಕದಿಂದಲೂ ಕಲಿತಿಲ್ಲ. ಮನೆಗೆ ಹೋಗುವ ರೋಗಿಗೆ ಮಾತ್ರೆ ವಿವರಿಸುವುದಕ್ಕೂ ಇದೇ ನಿಯಮ. “ಗೊತ್ತಾಯ್ತಾ?” ಎಂದು ಕೇಳುವಂತಿಲ್ಲ. “ಯಾವುದನ್ನ ಯಾವಾಗ ತಗೋತೀರಿ, ನಂಗೆ ಹೇಳಿ” ಎನ್ನಬೇಕು.

ಮಾಸ್ತಿಕಟ್ಟೆಯ ವಿದ್ಯುತ್ ಯೋಜನೆಯ ಕಾಲೊನಿಯಲ್ಲಿ ಕಾವಲುಗಾರನ ಮಗಳಾಗಿ ಬೆಳೆದ, ಹಾವು ಕಚ್ಚಿದ ತಮ್ಮನನ್ನು ಒಬ್ಬ ನರ್ಸು ಉಳಿಸಿದ್ದನ್ನು ಕಂಡು ತಾನೂ ನರ್ಸಾದ ಹೆಂಗಸು ಇವರು. ಇಂಥವರನ್ನು ನಾವು ‘ಎಲೆಮರೆಯ ಕಾಯಿ’ ಎಂದು ಕರೆದು ಕೈಮುಗಿದು ಸುಮ್ಮನಾಗುತ್ತೇವೆ. ಕಾಯಿ ತಾನಾಗಿ ಎಲೆಮರೆಗೆ ಹೋದದ್ದಲ್ಲ ಸ್ವಾಮಿ, ಅಡ್ಡ ಹಿಡಿದ ಎಲೆಗಳಿವೆ. ಆ ಆಸ್ಪತ್ರೆಯ ಬಾಗಿಲಲ್ಲಿ ಸರ್ಟಿಫಿಕೇಟು ಇವತ್ತಿಗೂ ಗಾಜಿನ ಕಟ್ಟಿನೊಳಗೆ ಹೊಳೆಯುತ್ತಿದೆ.

ಬರುವ ಸೋಮವಾರ ಶಿವಮೊಗ್ಗದಲ್ಲಿ, ಕೆಲಸದಿಂದ ತೆಗೆದದ್ದರ ವಿರುದ್ಧ ಭವ್ಯಾ ಸಲ್ಲಿಸಿದ ಮೇಲ್ಮನವಿಯ ವಿಚಾರಣೆಯಿದೆ. ಅವಳು ತಾಳಗುಪ್ಪದಿಂದ ರೈಲಿನಲ್ಲಿ ಬರುತ್ತಾಳೆ, ಶ್ಯಾಮಲಾ ಮತ್ತು ಕನ್ನಮ್ಮ ಹೊಸನಗರದ ಮೊದಲ ಬಸ್ಸಿಗೆ. ‘ನಡೆಯದ ತರಬೇತಿಗೆ ನಾನು ಸಹಿ ಹಾಕಿದ್ದೇನೆ’ ಎಂದು ಶ್ಯಾಮಲಾ ವಿಚಾರಣೆ ನಡೆಸುವ ಸಮಿತಿಗೆ ಬರೆದು ಕೊಟ್ಟಿದ್ದಾರೆ. ಅದರಿಂದ ಭವ್ಯಾಳ ಹೆಸರಿಗೆ ಅಂಟಿದ ಕಳಂಕ ತೊಳೆದುಹೋಗಬಹುದು. ಇವರ ನರ್ಸಿಂಗ್ ನೋಂದಣಿಯೇ ರದ್ದಾಗಬಹುದು. ಹಾಗಾದರೆ ಗಾಯ ಕಟ್ಟುವ ಕೆಲಸವೂ ಇಲ್ಲ, ಈ ಪಾಠವೂ ಇಲ್ಲ.

ಏಳೂವರೆಗೆ ಹುಡುಗಿಯರು ಡ್ಯೂಟಿಗೆ ಹೊರಡುತ್ತಾರೆ. ಯಶೋಧಾ ನಾಲ್ಕನೆಯ ಸಲಕ್ಕೆ ಪಾಸಾಗಿದ್ದಾಳೆ. ಮೆಷಿನ್ನುಗಳನ್ನು ಗೋಡೆಯಿಂದ ಎಳೆದು ಮೊದಲಿನಂತೆ ಇಡುತ್ತಿರುವ ಶ್ಯಾಮಲಾರನ್ನು ನಾನು ಕೊನೆಯದಾಗಿ ಕೇಳುತ್ತೇನೆ.

“ಸಿಸ್ಟರ್, ಸೋಮವಾರ ಎಲ್ಲ ಸರಿಹೋಗುತ್ತೆ ಅಲ್ವಾ?”

“ನೀವೂ ಫೇಲು,” ಎನ್ನುತ್ತಾರೆ. ನಗುವುದಿಲ್ಲ. “ನಂದು ದೊಡ್ಡ ಆಸೆ ಎಂತ ಇಲ್ಲ ಸರ್. ಅವತ್ತು ಅವರು ‘ತರಬೇತಿ ಕೊಟ್ಟಿದ್ದೀರಲ್ಲ’ ಅಂತ ಕೇಳ್ಬಾರ್ದು. ‘ಏನು ಕಲಿಸಿದ್ರಿ, ಹೇಳಿ’ ಅಂತ ಕೇಳ್ಲಿ. ಏನೂ ಕಲಿಸ್ಲಿಲ್ಲ ಅಂತ ಆ ಹುಡುಗಿ ಮುಖ ನೋಡ್ಕೊಂಡೇ ಹೇಳ್ತೀನಿ.”