ಗೋಡೆಯಾಚೆಯ ಇಸ್ತ್ರಿ ಪೆಟ್ಟಿಗೆ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ದರ್ಜಿಯ ಕೈ ಸುಟ್ಟ ಸಂಗತಿಯನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿದ್ದೇನೆ. ಆದರೆ ಅರ್ಧವನ್ನು ನುಂಗಿಕೊಂಡೇ ಹೇಳಿದ್ದೇನೆ.

ಯುದ್ಧ ಮುಗಿದ ಹೊಸತು. ಅಪ್ಪ ತೀರಿಕೊಂಡಿದ್ದರು. ಅಮ್ಮ, ಅಕ್ಕ, ನಾನು ಹಲಸೂರಿನ ಒಂದು ವಠಾರದಲ್ಲಿದ್ದೆವು. ಹೈಸ್ಕೂಲು ಮುಗಿಸಿ ದಂಡಿನ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ ನನಗೆ ಮನೆಯ ಯಜಮಾನಿಕೆ ತಲೆಗೇರಿತ್ತು. ಮಾತಿಗಿಂತ ಮೊದಲು ಕೈ ಏಳುತ್ತಿತ್ತು. ಕೆರೆಯ ಏರಿಯ ಮೇಲೆ ಒಬ್ಬನ ಹಲ್ಲು ಉದುರಿಸಿ, ಅದನ್ನು ಗಂಡಸುತನವೆಂದು ಹೇಳಿಕೊಂಡು ತಿರುಗಿದ್ದೆ.

ವಠಾರಕ್ಕೆಲ್ಲ ಒಂದೇ ಮೀಟರು, ಮನೆಗೊಂದೇ ದೀಪ. ನಮ್ಮದು ಅಡುಗೆಮನೆಯ ಬಾಗಿಲ ಬಳಿ ಇತ್ತು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಸಂಜೆ ಬರುತ್ತಾರೆಂದಾಗ, ಅವಳ ಮುಖದ ಮೇಲೆ ಬೆಳಕು ಬೀಳಲೆಂದು ನಾನು ದೀಪವನ್ನು ನಡುಮನೆಗೆ ತಂದೆ. ವೈರ್‌ಮನ್‌ನನ್ನು ಕರೆಯಲಿಲ್ಲ. ಓದಿದವನೆಂಬ ಜಂಬ. ಫ್ಯೂಸು ಕಿತ್ತಿಟ್ಟು, ತಂತಿಗೆ ತಂತಿ ಹೊಸೆದು ಗಂಟು ಹಾಕಿ, ಬಟ್ಟೆ ಸುತ್ತಿ, ಪಕ್ಕದ ಮನೆಗೂ ನಮಗೂ ನಡುವಿನ ಗೋಡೆಯಲ್ಲಿದ್ದ ಮರದ ಪಟ್ಟಿಯೊಳಗೆ ಮುಚ್ಚಿದೆ. ನಾನು ಹತ್ತಿದ್ದ ಸ್ಟೂಲನ್ನು ಅಕ್ಕ ಹಿಡಿದಿದ್ದಳು.

"ಸಡಿಲ ಇದೆ ಕಣೋ, ಇನ್ನೊಂದ್ಸಲ ಬಿಗಿ ಮಾಡು."

"ನೀನು ಸ್ಟೂಲ್ ಹಿಡ್ಕೊ, ಸಾಕು."

ಅವರೆಲ್ಲ ಬಂದು ಕೂತ ಮೇಲೆ ಅಕ್ಕ ತಟ್ಟೆ ಹಿಡಿದು ಹೊರಗೆ ಬಂದಳು. ದೀಪ ಹೋಗಿ ಬಂತು. ಮತ್ತೆ ಹೋಗಿ ಬಂತು. ಹುಡುಗನ ಅಜ್ಜಿ ಎದ್ದೇಬಿಟ್ಟರು. "ಹೆಣ್ಣಿನ ಮುಖ ನೋಡೋ ಹೊತ್ತಲ್ಲಿ ದೀಪ ಹಿಂಗೆ ನಡುಗಿದ್ರೆ ಹೆಂಗಮ್ಮ?" ಅಮ್ಮ ಕೈಮುಗಿದು ಬೇಡಿಕೊಂಡಳು. ಕೊನೆಗೆ ಹುಡುಗನ ತಂದೆ, ಬರುವ ಶುಕ್ರವಾರ ಮತ್ತೆ ಬರುತ್ತೇವೆ, ಆಗಲೂ ಹೀಗಾದರೆ ಈ ಸಂಬಂಧದ ಮಾತು ಬೇಡ ಎಂದರು. ಅಕ್ಕನಿಗೆ ಹುಡುಗ ಹಿಡಿಸಿದ್ದ. ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ವಾರ ದೀಪ ಮಿಟುಕಿದಾಗಲೆಲ್ಲ ಅವಳ ಕೈ ತಾನಾಗಿ ಎದೆಗೆ ಹೋಗುತ್ತಿತ್ತು.

ನಾನು ಬಲ್ಬು ಬದಲಾಯಿಸಿದೆ. ಹೋಲ್ಡರು ಬಿಚ್ಚಿ ಒರೆಸಿದೆ. ಫ್ಯೂಸಿಗೆ ಹೊಸ ತಂತಿ ಕಟ್ಟಿದೆ. ಸ್ವಲ್ಪ ಹೊತ್ತು ನೆಟ್ಟಗೆ ಉರಿದು, ಗೆದ್ದೆ ಅನ್ನುವಷ್ಟರಲ್ಲಿ ಮತ್ತೆ ಮಿಟುಕುತ್ತಿತ್ತು. ಸಿಟ್ಟಿಗೆ ಹಳೆಯ ಬಲ್ಬನ್ನು ಗೋಡೆಗೆ ಎಸೆದೆ. ಗಾಜು ಅಮ್ಮನ ಕಾಲಿಗೆ ಹೊಕ್ಕಿತು. ನಲ್ಲಿಯ ಹತ್ತಿರ ಎದುರುಮನೆಯ ಮುದುಕಿ, "ಏನಪ್ಪಾ, ನಿಮ್ಮನೆ ದೀಪ ನನ್ನ ಗಂಡನ ಥರ. ಸಾರಾಯಿ ಅಂಗಡಿಯಿಂದ ಬಂದಂಗೆ ತೂರಾಡ್ತದೆ!" ಅಂದಳು. ಎಲ್ಲರೂ ನಕ್ಕರು. ನಾನು ತುಂಬಿದ ಕೊಡವನ್ನು ಒದ್ದು ಬಂದೆ.

ಗುರುವಾರ ಸಂಜೆ ದೀಪವನ್ನೇ ನೋಡುತ್ತ ಕೂತೆ. ಗೋಡೆಯಾಚೆ ಧಡ್ ಎಂದಿತು, ದೀಪ ಮಿಟುಕಿತು. ಮತ್ತೆ ಧಡ್; ಮತ್ತೆ ಮಿಟುಕಿತು. ಆ ಮನೆಯಲ್ಲಿದ್ದವನು ತಮಿಳು ದರ್ಜಿ, ಸಿಪಾಯಿಗಳ ಉಡುಪು ಹೊಲಿಯುವವನು. ದಂಡಿನ ಹರಾಜಿನಲ್ಲಿ ಕೊಂಡ ದೊಡ್ಡ ಇಸ್ತ್ರಿ ಪೆಟ್ಟಿಗೆಯೊಂದನ್ನು ಅವನು ಗೋಣಿಯಲ್ಲಿ ಸುತ್ತಿಕೊಂಡು ಬಂದದ್ದನ್ನು ನಾನು ನೋಡಿದ್ದೆ. ಅಧಿಕಾರಿಗಳ ಬಂಗಲೆಯಿಂದ ಬಂದದ್ದು ಕರೆಂಟಿನದೇ ಇರಬೇಕು ಎಂದು ತೀರ್ಮಾನಿಸಿಬಿಟ್ಟೆ.

"ಸಿಕ್ಕಿಬಿದ್ದ ನನ್ಮಗ. ಕದ್ದು ಕರೆಂಟ್ ಎಳೀತಾ ಇದಾನೆ."

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಮೊದ್ಲು ನೀನು ಹಾಕಿದ ಗಂಟು ನೋಡೋ. ಗೋಡೆ ಅದುರಿದ್ರೆ ಅದೂ ಅದುರತ್ತೆ."

ಅವಳನ್ನು ತಳ್ಳಿ ಹೋದೆ.

ದರ್ಜಿ ನಗುತ್ತ ತಲೆ ಎತ್ತಿದ. "ಬಾ ತಂಬಿ. ಅಕ್ಕನ ರವಿಕೆ ರೆಡಿ ಐತೆ, ನಾಳೆಗೆ."

"ವೈರ್ ಎಲ್ಲೋ?"

"ಯಾವ ವೈರು?"

ಕಪಾಳಕ್ಕೆ ಬಾರಿಸಿದೆ. ಗೋಡೆಗೆ ತಾಗಿಸಿಟ್ಟಿದ್ದ ಇಸ್ತ್ರಿ ಮೇಜನ್ನು ಒದ್ದೆ. ಅವನು ಪೆಟ್ಟಿಗೆಯ ಹಿಡಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡ. ನಾನು ಕಿತ್ತುಕೊಳ್ಳಲು ಎಳೆದೆ. "ಬೇಡ ತಂಬಿ, ಕೆಂಡ, ಕೆಂಡ!" ಎಂದು ಕೂಗಿದ. ಮುಚ್ಚಳ ತೆರೆದುಕೊಂಡು ಕೆಂಡವೆಲ್ಲ ಅವನ ಬಲಗೈ ಮೇಲೆ ಸುರಿಯಿತು. ಚರ್ಮ ಸುಟ್ಟ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅದು ಇದ್ದಿಲ ಪೆಟ್ಟಿಗೆ. ಅದಕ್ಕೆ ತಂತಿಯೇ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ತಪ್ಪು ನನ್ನದೆಂದು ತಿಳಿದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು. ನೆಲದಲ್ಲಿ ಹೊರಳುತ್ತಿದ್ದವನನ್ನು ಒದ್ದೆ. ಯಾರೋ ಹಿಂದಿನಿಂದ ನನ್ನ ತೋಳು ಹಿಡಿದರು. ಮಕ್ಕಳಿಗೆ ಹೇಳುವಾಗ ನಾನು ಇಲ್ಲಿಗೆ ನಿಲ್ಲಿಸುತ್ತಿದ್ದೆ.

ತಿರುಗಿ ನೋಡಿದೆ. ಅಕ್ಕ ಎಂದು ಗೊತ್ತಾಯಿತು. ಗೊತ್ತಾದ ಮೇಲೆ ಮುಷ್ಟಿ ಬಿಗಿದು ಮುಖಕ್ಕೆ ಹೊಡೆದೆ. ಅವಳು ಹೊಲಿಗೆ ಯಂತ್ರದ ಕಬ್ಬಿಣದ ಚಕ್ರದ ಮೇಲೆ ಬಿದ್ದಳು. ಹುಬ್ಬು ಸೀಳಿತು.

ವಠಾರದವರು ದರ್ಜಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ನಾನು ಮನೆಗೆ ಬಂದು ಫ್ಯೂಸು ಕಿತ್ತು, ಮೋಂಬತ್ತಿ ಹಚ್ಚಿ, ಗೋಡೆಯ ಮರದ ಪಟ್ಟಿ ಬಿಚ್ಚಿದೆ. ನಾನು ಹಾಕಿದ ಗಂಟು ಕಪ್ಪಾಗಿ ಸಡಿಲವಾಗಿತ್ತು. ಬೆರಳು ಸೋಕಿದರೆ ಅಲುಗುತ್ತಿತ್ತು. ಕೆರೆದು ಬಿಗಿದು ಕಟ್ಟಿದೆ. ಕೆಳಗೆ ನೋಡಿದರೆ ಅಕ್ಕ ಒಂದು ಕೈಯಲ್ಲಿ ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಸ್ಟೂಲು ಹಿಡಿದಿದ್ದಳು.

ಶುಕ್ರವಾರ ಅವರು ಬಂದರು. ದೀಪ ಒಮ್ಮೆಯೂ ಮಿಟುಕಲಿಲ್ಲ. ಆ ಬೆಳಕಿನಲ್ಲಿ ಅಕ್ಕನ ಮುಖ ಚೆನ್ನಾಗಿ ಕಂಡಿತು: ಊದಿದ ಕೆನ್ನೆ, ಮುಚ್ಚಿಹೋದ ಕಣ್ಣು, ಹುಬ್ಬಿನ ಮೇಲೆ ಪಟ್ಟಿ.

"ಏನಮ್ಮ ಇದು?" ಎಂದರು ಅಜ್ಜಿ.

"ಜಾರಿ ಬಿದ್ದೆ," ಎಂದಳು ಅಕ್ಕ.

ಹುಡುಗನ ತಂದೆ ನನ್ನ ಬಲಗೈ ನೋಡಿದರು. ಗೆಣ್ಣುಗಳು ಸುಲಿದಿದ್ದವು. "ಹೊಡೆಯೋ ಮನೆಯಿಂದ ಹೆಣ್ಣು ತಂದ್ರೆ ನಾಳೆ ನಮ್ಮ ಬಾಗಿಲಿಗೂ ಇವನು ಬರ್ತಾನೆ," ಎಂದು ಹೆಂಡತಿಗೆ ಹೇಳಿ ಎದ್ದರು. ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಆ ಮೇಲೆ ವಠಾರದ ಸುದ್ದಿ ಊರೆಲ್ಲ ಹರಡಿತು. ಬೇರೆ ಯಾರೂ ಬರಲಿಲ್ಲ.

ದರ್ಜಿಯ ಬೆರಳುಗಳು ಮುರುಟಿಕೊಂಡೇ ವಾಸಿಯಾದವು. ಅವನ ಕಾಲಿಗೆ ಬಿದ್ದೆ. "ನಿನ್ಗಿಂತ ಕೆಂಡಾನೇ ವಾಸಿ ತಂಬಿ, ಅದು ಬೇಗ ಆರ್ತದೆ," ಎಂದ. ನಕ್ಕನೋ ಅತ್ತನೋ ತಿಳಿಯಲಿಲ್ಲ. ಅಂತೂ ಅವನ ಹತ್ತಿರ ತಪ್ಪಾಯಿತು ಎಂದು ಹೇಳಿದೆ.

ಮನೆಯೊಳಗೆ ಹೇಳಲಾಗಲಿಲ್ಲ. ನನಗೆ ಮದುವೆಯಾಯಿತು. ಅಕ್ಕ ನಮ್ಮ ಜೊತೆಯೇ ಉಳಿದಳು. ನನ್ನ ಮಕ್ಕಳಿಗೆ ಸ್ನಾನ ಮಾಡಿಸಿ, ಅವರ ಜಡೆ ಹೆಣೆದು, ಸಂಜೆ ಸ್ವಿಚ್ಚು ಹಾಕಿ ದೀಪಕ್ಕೆ ಕೈಮುಗಿಯುತ್ತಿದ್ದವಳ ಹುಬ್ಬಿನ ಗೆರೆಯನ್ನು ಅವಳು ಸಾಯುವತನಕ ನೋಡಿದೆ. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟವಳು ನನ್ನ ಅಕ್ಕ.