ಸಾಸಿವೆ ತುಂಬಿದ ಕುಬಸ

ನಮ್ಮವ್ವ ಹೈದರಾಬಾದಿನ ಅಂಗಡಿಗಳಲ್ಲಿ ಬಟ್ಟೆ ಕೊಂಡದ್ದು ಕಡಿಮೆ, ಕದ್ದದ್ದೇ ಹೆಚ್ಚು. ಕದಿಯುತ್ತಿದ್ದದ್ದು ಕಣ್ಣಿನಿಂದ. ದಿಲ್‌ಸುಖ್‌ನಗರದ ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಮುಂದೆ ನಿಂತು, ಒಳಗಿನ ಗೊಂಬೆಗೆ ತೊಡಿಸಿದ ಚೂಡಿದಾರವನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಅದನ್ನೇ ತೆಗೆಸಿ, ಒಳಮೈ ತಿರುಗಿಸಿ ಹೊಲಿಗೆ ಪರೀಕ್ಷೆ ಮಾಡಿ, ಬಣ್ಣ ಹಿಡಿಸಲಿಲ್ಲವೆಂದು ತೆಲುಗಿನಲ್ಲಿ ಹೇಳಿ ಹೊರಬರುತ್ತಿದ್ದಳು. ಮನೆಗೆ ಬಂದವಳೇ ನೆಲದ ಮೇಲೆ ಹಳೆಯ ಪೇಪರು ಹಾಸಿ, ಕಂಡದ್ದು ಮರೆಯುವ ಮುಂಚೆ ಕತ್ತರಿಸಿಬಿಡುತ್ತಿದ್ದಳು. ಮುಂದಿನ ವಾರದ ಹೊತ್ತಿಗೆ ಅದೇ ಚೂಡಿದಾರ, ಅವಳ ಹಳೆಯ ಇಳಕಲ್ ಸೀರೆಯ ಅಂಚು ಹಚ್ಚಿಸಿಕೊಂಡು, ನನ್ನ ಮೈಮೇಲಿರುತ್ತಿತ್ತು.

ಊರೆಲ್ಲ ಕಂಪ್ಯೂಟರ್ ಕಂಪನಿಗಳ ಮಾತೇ ಆಗಿದ್ದ ವರ್ಷಗಳವು. ಅಪ್ಪ ಕಲಬುರ್ಗಿ ಕಡೆಯಿಂದ ಬಂದು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ; ನಾವು ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದೆವು. ಅಕ್ಕನ ಮದುವೆಯಾಗಿತ್ತು. ನನಗೆ ಬೇಗಂಪೇಟೆಯ ಗಾಜಿನ ಕಟ್ಟಡವೊಂದರಲ್ಲಿ, ಅಮೆರಿಕದವರ ಬಿಲ್ಲುಗಳ ತಕರಾರು ಬಗೆಹರಿಸುವ ಕೆಲಸ ಸಿಕ್ಕಿತ್ತು. ಅಲ್ಲಿನ ಹುಡುಗಿಯರು ಹೊಸ ಸಂಬಳದ ಖುಷಿಯಲ್ಲಿ ತಿಂಗಳಿಗೊಂದು ಫ್ಯಾಷನ್ ಬದಲಿಸುತ್ತಿದ್ದರು. ಬೇಸಿಗೆಗೆ ಬಿಳಿ ಕಸೂತಿಯ ತೆಳು ಕುರ್ತಾ, ಮಳೆ ಶುರುವಾದರೆ ಬೇಗ ಒಣಗುವ ಜಾರ್ಜೆಟ್, ರಂಜಾನ್ ಬಂತೆಂದರೆ ಲೇಸು, ದೀಪಾವಳಿಗೆ ಮಿಂಚು. ಒಂದು ವರ್ಷ ಮೊಳಕಾಲಿನ ಕೆಳಗಿದ್ದ ಕುರ್ತಾ ಮರುವರ್ಷ ಸೊಂಟಕ್ಕೇರಿತು, ಅದರ ಕೆಳಗೆ ನೆರಿಗೆ ನೆರಿಗೆಯ ಪಟಿಯಾಲಾ ಬಂತು.

“ಮ್ಯಾಲಿನ ಅರಿವಿ ಕಡಿಮಿ ಆತಂತ ಕೆಳಗ ಹೆಚ್ಚ ಮಾಡ್ಯಾರ ನೋಡು, ನಿಮ್ಮ ಆಫೀಸಿನ ಹುಡಿಗ್ಯಾರು ಭಾಳ ನ್ಯಾಯದವ್ರು” ಅಂದಿದ್ದಳು ಅವ್ವ. ಅಂದವಳೇ ನನಗೂ ಒಂದು ಪಟಿಯಾಲಾ ಹೊಲಿದಳು.

ಭಾನುವಾರ ನಮ್ಮ ಅಡಿಗೆಮನೆ ಕಾರ್ಖಾನೆಯಾಗುತ್ತಿತ್ತು. ಬೇಳೆ ಬೇಯಿಸುವ ಪಾತ್ರೆಯಲ್ಲಿ ದುಪಟ್ಟಾಗೆ ಬಣ್ಣ ಕಟ್ಟುವುದು, ಹಳೆಯ ಚಪ್ಪಲಿಗೆ ಗೋಂದು ಹಚ್ಚಿ ಕನ್ನಡಿ ಚೂರು ಅಂಟಿಸುವುದು, ಹರಿದ ಸೆರಗಿನಿಂದ ಬಟವಿ ಚೀಲ ಮಾಡುವುದು. ಒಮ್ಮೆ ನನ್ನ ಗುಲಾಬಿ ದುಪಟ್ಟಾದ ನೀರಿನಲ್ಲಿ ಅಪ್ಪನ ಬನಿಯನ್ ಬಿದ್ದು ಅದೂ ಗುಲಾಬಿಯಾಯಿತು. ಅಂಗಿಯ ಒಳಗೆ ಯಾರು ನೋಡುತ್ತಾರೆ ಎಂದು ಅಪ್ಪ ಅದನ್ನೇ ಹಾಕಿಕೊಂಡು ಹೋದ. ಕಾರ್ಖಾನೆಯ ಸೆಕೆಗೆ ಬೆವರಿ, ಸಂಜೆ ಕುತ್ತಿಗೆಯೆಲ್ಲ ಗುಲಾಬಿ ಮಾಡಿಕೊಂಡು ಬಂದ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗುವುದನ್ನು ನೆನೆಯಬೇಕೆಂದರೆ ನನಗೆ ಈಗಲೂ ಆ ಸಂಜೆಯೇ ಬೇಕು.

ಇಷ್ಟೆಲ್ಲ ಮಾಡಿದರೂ ಕ್ವಾರ್ಟರ್ಸಿನಲ್ಲಿ ಅವ್ವನಿಗೆ ಹೆಸರು ಬಂದದ್ದು ಕುಬಸದಿಂದ, ಅಂದರೆ ರವಿಕೆಯಿಂದ. ತೆಲುಗಿನವರು, ಮರಾಠಿಯವರು, ನಮ್ಮವರು, ಎಲ್ಲರೂ ಒಂದು ಅಳತೆ ರವಿಕೆ, ಒಂದು ಹೊಸ ತುಂಡು ಹಿಡಿದು ಬರುತ್ತಿದ್ದರು. ತೋಳು ಈ ಸಲ ಎಲ್ಲಿಯವರೆಗೆ, ಬೆನ್ನಿಗೆ ದಾರವೋ ಗುಂಡಿಯೋ, ಎಲ್ಲ ಅವ್ವನೇ ಹೇಳಬೇಕು. ಅವಳದೊಂದು ಮಾತಿತ್ತು: “ಮಂದಿ ಮದ್ಲ ಕುಬಸ ನೋಡ್ತಾರ, ಆಮ್ಯಾಲೆ ಮಾರಿ ನೋಡ್ತಾರ.” ತನ್ನ ಸೀರೆ ಎಷ್ಟು ಹಳೆಯದಾದರೂ ರವಿಕೆಯಲ್ಲಿ ಒಂದು ಸುಕ್ಕು ಇರಗೊಡುತ್ತಿರಲಿಲ್ಲ. ಇಂಥವಳ ಎಡ ಎದೆಯಲ್ಲೇ ಗಂಟು ಬಂತು. ದೇವರ ಮೇಲೆ ನನಗೆ ಅಂದು ಹುಟ್ಟಿದ ಸಿಟ್ಟು ಇನ್ನೂ ಹೋಗಿಲ್ಲ.

ಆಪರೇಷನ್ ಮಾಡಿ ಎಡ ಎದೆಯನ್ನು ಪೂರ್ತಿ ತೆಗೆದರು. ಮನೆಗೆ ಬಂದ ಅವ್ವ ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡಳು. ತನ್ನ ಅಳತೆ ರವಿಕೆಯನ್ನು ತೊಟ್ಟು ನೋಡಿರಬೇಕು. ಹೊರಗೆ ಬಂದಾಗ ಮೈಮೇಲೆ ನೈಟಿ, ಹೆಗಲ ಮೇಲೆ ಟವೆಲ್. ರವಿಕೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಇಟ್ಟಳು, ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದಳು. ಹೊಲಿಯಲು ಕೊಟ್ಟಿದ್ದವರನ್ನು ಕರೆದು ಕರೆದು ತುಂಡುಗಳನ್ನು ವಾಪಸು ಕೊಟ್ಟಳು. “ಕಣ್ಣ ಕಾಣವಲ್ವುರಿ” ಅಂತ ಎಲ್ಲರಿಗೂ ಒಂದೇ ಸುಳ್ಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ.

ಆ ಹೊತ್ತಿಗೆ ಅಕ್ಕ ಬಸುರಿ. ಅವಳ ಗಂಡನ ಮನೆ ದಿಲ್‌ಸುಖ್‌ನಗರದಲ್ಲಿತ್ತು. ಅವರೂ ನಮ್ಮ ಕಡೆಯವರೇ. ನಮ್ಮಲ್ಲಿ ಏಳು ತಿಂಗಳಿಗೆ ತವರಿನವರು ಹಸಿರು ಸೀರೆ, ಹಸಿರು ರವಿಕೆ ತಂದು ಬಸುರಿಯ ಉಡಿ ತುಂಬುತ್ತಾರೆ. ಆ ಕಾರ್ಯಕ್ಕೂ ಕುಬಸ ಅಂತಲೇ ಹೆಸರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು, ಎಲ್ಲ ಮೊದಲು ಬೀಳಬೇಕಾದದ್ದು ಹೆತ್ತವಳ ಕೈಯಿಂದ. ದಿನ ಗೊತ್ತಾಯಿತು. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

“ನಾ ಬರಂಗಿಲ್ಲ. ನಿಮ್ಮ ಕಾಕಿನ್ನ ಕರಕೊಂಡ ಹೋಗ್ರಿ, ಆಕಿ ತುಂಬ್ತಾಳ” ಅಂದಳು. ಕಾಕಿ ಅಂದರೆ ಅಪ್ಪನ ತಮ್ಮನ ಹೆಂಡತಿ.

ಅಪ್ಪ ಮೆಲ್ಲಗೆ “ತಾಯಿ ಇದ್ದೂ ಬರದಿದ್ರ ಮಂದಿ ಏನಂದಾರು?” ಅಂದ.

“ಬಂದ್ರ ಏನಂತಾರ ಅದು ನನಗ ಗೊತ್ತೈತಿ. ಊರ ಮಂದಿಗೆಲ್ಲಾ ಕುಬಸ ಹೊಲದಾಕಿ ಹಿಂಗ ಜೋತ ಬಿದ್ದ ಕುಬಸ ಹಾಕ್ಕೊಂಡ ಹೋಗ್ಲೇನು?”

ಅಕ್ಕ ಫೋನಿನಲ್ಲಿ ಅತ್ತಳು. “ಅವ್ವ ಬರದಿದ್ರ ನನಗ ಕುಬಸನ ಬ್ಯಾಡ. ಅಷ್ಟ ಹೇಳ ಆಕಿಗೆ” ಅಂದು ಇಟ್ಟುಬಿಟ್ಟಳು. ಮೊದಲ ಬಸುರು, ಎದೆಯೊಳಗೆ ಅವ್ವನ ಕಾಯಿಲೆಯ ಭಯ ಬೇರೆ. ಅವಳಿಗೆ ಬೇಕಾಗಿದ್ದದ್ದು ಅವ್ವನ ಕೈ ಮಾತ್ರ. ಅವ್ವನ ಕೈಯೂ ಅಲ್ಲಿಗೆ ಹೋಗಲು ಎಷ್ಟು ಚಡಪಡಿಸುತ್ತಿತ್ತೆಂದು ನಾನು ಕಣ್ಣಾರೆ ಕಾಣುತ್ತಿದ್ದೆ. ನಡುವೆ ನಿಂತದ್ದು ಒಂದು ರವಿಕೆ.

ಸೂಜಿಗೆ ದಾರ ಪೋಣಿಸುವಾಗಲೂ ಬೈಸಿಕೊಳ್ಳುತ್ತಿದ್ದ ನಾನು ಅದನ್ನು ಸರಿಮಾಡಲು ಹೊರಟೆ. ಆ ವರ್ಷ ಪ್ಯಾಡ್ ಹಚ್ಚಿದ ರವಿಕೆಗಳ ಫ್ಯಾಷನ್ ಹೊಸದಾಗಿ ಬಂದಿತ್ತು. ಅಂಗಡಿಯಲ್ಲಿ ಸ್ಪಂಜಿನ ಕಪ್‌ಗಳು ಜೋಡಿಯಾಗಿ ಸಿಗುತ್ತಿದ್ದವು. ತಂದು ಅವ್ವನ ಮುಂದಿಟ್ಟೆ.

ಅವಳು ಅವನ್ನು ತಿರುಗಿಸಿ ನೋಡಿ, “ಎರಡ ಯಾಕ ತಂದಿ? ಒಂದ ಇನ್ನೂ ಐತಲ್ಲ” ಅಂದಳು. ಇಬ್ಬರೂ ನಕ್ಕೆವು. ನಗುತ್ತಲೇ ಇದ್ದವಳು ಯಾವಾಗ ಅಳಲು ಶುರು ಮಾಡಿದಳೋ ತಿಳಿಯಲಿಲ್ಲ.

ಸ್ಪಂಜು ನಿಲ್ಲಲಿಲ್ಲ. ಕೈ ಆಡಿಸಿದರೆ, ಬಗ್ಗಿದರೆ ಅದು ಮೇಲೇರಿ ಕೊರಳಿನ ಮೂಳೆಯ ಹತ್ತಿರ ಕೂರುತ್ತಿತ್ತು. ಹತ್ತಿ ತುಂಬಿದೆವು, ಬೆವರಿಗೆ ಗಂಟು ಗಂಟಾಯಿತು. ಹಳೆಯ ದುಪಟ್ಟಾಗಳ ಚಿಂದಿ ಸುತ್ತಿಟ್ಟರೆ ಉಂಡೆ ಇಟ್ಟಂತೆ ಕಾಣುತ್ತಿತ್ತು. “ಬಿಡವಾ, ಸಾಕ ಮಾಡು” ಅಂದು ಅವ್ವ ಮತ್ತೆ ಟವೆಲ್ ಹೊದ್ದುಕೊಂಡಳು.

ಹುಟ್ಟುವ ಕೂಸಿಗೆ ಮಾತ್ರ ಅವಳು ಕೈಹೊಲಿಗೆ ನಡೆಸಿದ್ದಳು. ಎಳೆಗೂಸಿನ ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬು ಮಾಡುತ್ತಾರಲ್ಲ, ಅದು. ಅದರ ಹೊರಚೀಲಕ್ಕೆ ನನ್ನ ವರ್ಷವರ್ಷದ ಫ್ಯಾಷನ್ನುಗಳ ಚೂರುಗಳನ್ನೆಲ್ಲ ಸೇರಿಸಿದ್ದಳು: ಪಟಿಯಾಲಾದ ನೀಲಿ, ಜಾರ್ಜೆಟ್ಟಿನ ಹಳದಿ, ಆ ಗುಲಾಬಿ ದುಪಟ್ಟಾ. ಒಂದು ಮಧ್ಯಾಹ್ನ ಮೊರದಲ್ಲಿ ಸಾಸಿವೆ ಹಸನು ಮಾಡಿ, ತೆಳುಬಟ್ಟೆಯ ಒಳಚೀಲಕ್ಕೆ ತುಂಬುತ್ತಿದ್ದಳು. ನಾನು ಚೀಲದ ಬಾಯಿ ಹಿಡಿದಿದ್ದೆ. ಅರ್ಧ ತುಂಬಿದ್ದನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿದಳು. ಇನ್ನೊಮ್ಮೆ ತೂಗಿದಳು. ಆಮೇಲೆ ಟವೆಲ್ ಸರಿಸಿ, ಚೀಲವನ್ನು ನೈಟಿಯ ಮೇಲೆ ಎಡಗಡೆಗೆ ಒತ್ತಿಕೊಂಡಳು.

“ಇದಕ್ಕ ತೂಕ ಐತಿ” ಅಂದಳು. “ಸ್ಪಂಜಿಗೆ ತೂಕ ಇದ್ದಿಲ್ಲ, ಅದಕ್ಕ ಏರಾಕತ್ತಿತ್ತು. ಏಳ, ಮಷೀನಿನ ಮುಸುಕ ತಗಿ.”

ಆಪರೇಷನ್ ಆದಾಗಿನಿಂದ ಅವ್ವನ ಎಡಗೈ ಬಾತು ಮೇಲೆತ್ತಲು ಬರುತ್ತಿರಲಿಲ್ಲ, ಬಟ್ಟೆ ಹಿಡಿದು ಸರಿಸುವುದು ಆಗದು. ಹಾಗಾಗಿ ಅವ್ವ ಕುರ್ಚಿಯಲ್ಲಿ ಕೂತು ಪೆಡಲ್ ತುಳಿದಳು, ನಾನು ಪಕ್ಕದಲ್ಲಿ ನಿಂತು ಬಟ್ಟೆ ಸರಿಸಿದೆ. ಅವಳ ಕಾಲು, ನನ್ನ ಕೈ. ಬೈಗುಳ ಎಲ್ಲ ಅವಳದೇ. “ಎಳೀಬ್ಯಾಡ, ಅದು ತಾನ ಹೊಕ್ಕೈತಿ.” “ಸೂಜಿ ಎಲ್ಲೈತಿ, ನಿನ್ನ ಕಣ್ಣ ಎಲ್ಲೈತಿ?” ಇಳಕಲ್ ಸೀರೆಗೊಪ್ಪುವ ಖಣದ ತುಂಡು, ಒಳಗೆ ಮೆತ್ತನೆಯ ಅಸ್ತರು, ಅಸ್ತರಿನಲ್ಲಿ ಒಂದು ಜೇಬು, ಜೇಬಿನಲ್ಲಿ ಸಾಸಿವೆ. ಗಾಯದ ಗುರುತು ಕಾಣದಂತೆ ಕೊರಳನ್ನು ಮೇಲಕ್ಕೆ ತಂದಳು, ತೋಳನ್ನು ಮೊಳಕೈಗೆ ಇಳಿಸಿದಳು. ಕೂಸಿನ ದಿಂಬಿಗೆ ಸಾಸಿವೆ ಉಳಿಯಲಿಲ್ಲ. ಆಮೇಲೆ ತಂದು ತುಂಬಿದರಾಯಿತು ಎಂದು ಖಾಲಿ ಹೊರಚೀಲವನ್ನು ಯಂತ್ರದ ಖಾನೆಗೆ ಹಾಕಿದಳು. ಅಂದು ಅವಳು ಊಟಕ್ಕೆ ತಾನಾಗಿ ಎದ್ದು ಬಂದಳು.

ಕುಬಸದ ದಿನ ಅಕ್ಕನ ಮನೆಯ ಹೆಣ್ಣುಮಕ್ಕಳೆಲ್ಲ ಅವ್ವನ ಹೇಳಿಕೆಯಂತೆಯೇ ನಡೆದುಕೊಂಡರು. ಮೊದಲು ರವಿಕೆ ನೋಡಿದರು, ಆಮೇಲೆ ಮುಖ. ಅಕ್ಕನ ಅತ್ತೆ ಹತ್ತಿರ ಬಂದು ತೋಳಿನ ಅಂಚು ಮುಟ್ಟಿ, “ಕೊರಳ ಹಿಂಗ ಮ್ಯಾಲ ಬರೂದು ಈ ಸಲದ ಹೊಸಾ ಫ್ಯಾಷನ್ ಏನ್ರಿ ಬೀಗರ? ನನಗೂ ಒಂದ ಹೊಲಕೊಡ್ರಿ” ಅಂದರು.

“ಹೂಂರಿ, ಈ ಸೀಸನ್ದು. ತುಂಡ ಕಳಿಸ್ರಿ” ಅಂದಳು ಅವ್ವ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಅವ್ವ ಬಲಗೈಯಿಂದ ಅಕ್ಕನ ಉಡಿಗೆ ಅಕ್ಕಿ ಹಾಕಿದಳು. ಬಗ್ಗಿದಾಗ ಸಾಸಿವೆ ಸರ್ರೆಂದು ಸಣ್ಣದಾಗಿ ಸರಿಯಿತು. ಅದು ಕೇಳಿಸಿದ್ದು ನನಗೆ ಮತ್ತು ಅವ್ವನಿಗೆ. ತುಂಬಿದ ಉಡಿ ಹಿಡಿದುಕೊಂಡೇ ಅಕ್ಕ ಮುಂದೆ ವಾಲಿ, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ ಅವ್ವನ ಎಡ ಎದೆಗೆ ತಲೆ ಆನಿಸಿದಳು. ಏನು ಗುಟ್ಟೆಂದು ಅವಳು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವ್ವ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ನಮ್ಮ ಮನೆಯ ಸುಖ ಅಂದರೆ ನನಗೆ ಅದೇ, ಅಲ್ಲಿಗೇ ಮುಗಿಯಿತು.

ಚಳಿಗಾಲ ಶುರುವಾಗುವ ಹೊತ್ತಿಗೆ ಕಾಯಿಲೆ ಶ್ವಾಸಕೋಶಕ್ಕೆ ಬಂದಿತ್ತು. ಇಂಥ ಮನೆಯಲ್ಲಿ ಬಾಣಂತನ ಬೇಡವೆಂದು ಅಕ್ಕನ ಅತ್ತೆ ಅವಳನ್ನು ತಮ್ಮಲ್ಲೇ ಇಟ್ಟುಕೊಂಡರು. ಅವ್ವ ಮಾತು ಕಡಿಮೆ ಮಾಡಿದಳು. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದು, ಉಸಿರಿಗೆ ನಿಂತು ನಿಂತು ಹೇಳಿದಳು:

“ಕುಬಸದಾಗಿನ ಸಾಸಿವಿ ತಗದ ದಿಂಬಿಗೆ ಹಾಕು. ಕೂಸಿಂದದು. ನಾ ಒಂದೀಟ ಇಸಕೊಂಡಿದ್ದೆ.”

“ಹೊಸಾವು ತಂದ ಹಾಕ್ತೀನಿ ಬಿಡವಾ.”

“ಆ ಸಾಸಿವಿನ ಹಾಕು” ಅಂದಳು.

ಅಕ್ಕನ ದಿನ ತುಂಬುವ ಮುಂಚೆಯೇ ಅವ್ವ ಹೋದಳು. ಬಸುರಿ ಹೆಣ ನೋಡಬಾರದೆಂದು ಹಿರಿಯರು ಅಕ್ಕನನ್ನು ಕಳಿಸಲಿಲ್ಲ. ಒಂದೇ ಊರಿನಲ್ಲಿದ್ದೂ ಅವಳು ದಿಲ್‌ಸುಖ್‌ನಗರದ ಮನೆಯ ಕೋಣೆಯಲ್ಲಿ ಕೂತು ಅತ್ತಳು. ಆ ಶಾಸ್ತ್ರ ಮಾಡಿದವರ ಮೇಲೆ ನನಗೆ ಕೆಂಡದಂಥ ಕೋಪ ಬಂತು. ಬಂದು ಏನಾಗಬೇಕಿತ್ತು? ಮುತ್ತೈದೆ ಸಾವೆಂದು ಅವ್ವನಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿದರು. ನಾವಿಬ್ಬರೂ ಹೊಲಿದ ಆ ಖಣದ ಕುಬಸವನ್ನೇ ತೊಡಿಸಿದೆ. ಜೇಬನ್ನು ಅವಳು ಹೇಳಿದಂತೆ ಖಾಲಿ ಮಾಡಿದ್ದೆ. ಎಡಗಡೆ ಬಟ್ಟೆ ಕುಸಿದು ಸುಕ್ಕಾಯಿತು. ಆ ಸುಕ್ಕನ್ನು ಬೆರಳಿನಿಂದ ಮತ್ತೆ ಮತ್ತೆ ತೀಡುತ್ತಿದ್ದೆ. ಕಾಕಿ ನನ್ನ ಕೈ ತೆಗೆದು ಅದರ ಮೇಲೆ ಸೆರಗು ಎಳೆದರು. ಬಂದ ಹೆಂಗಸರು ಯಾರೂ ಅವಳ ಕುಬಸ ನೋಡಲಿಲ್ಲ. ಎಲ್ಲರೂ ಮುಖವನ್ನೇ ನೋಡಿ ಹೋದರು.

ಅಕ್ಕನಿಗೆ ಹೆಣ್ಣುಮಗುವಾಯಿತು. ನಾನು ದಿಂಬು ಹೊಲಿದು ಒಯ್ದೆ. ಒಬ್ಬಳೇ ತುಳಿದು ಒಬ್ಬಳೇ ಸರಿಸಿದ್ದರಿಂದ ಹೊಲಿಗೆ ಅಂಕುಡೊಂಕಾಗಿತ್ತು. ಅಕ್ಕ ಅದನ್ನು ಕೈಯಲ್ಲಿ ತೂಗಿ ನೋಡಿದಳು.

“ಸಾಸಿವಿ ಭಾಳ ಕಡಿಮಿ ಆಗ್ಯಾವ. ಅರ್ಧ ಚೀಲ ಬರೇ ಖಾಲಿ. ತಡಿ, ಮನ್ಯಾಗ ಹೊಸಾ ಪ್ಯಾಕೆಟ್ ಐತಿ, ಹಾಕೂಣು” ಎಂದು ಒಳಗಿಂದ ಪೊಟ್ಟಣ ತಂದು ಕತ್ತರಿಯಿಂದ ಮೂಲೆ ಕತ್ತರಿಸಿದಳು.

“ಅಕ್ಕಾ, ಕುಬಸದ ದಿನ ನೀ ಅವ್ವಗ ತಲಿ ಆನಿಸಿದ್ದಿ ನೋಡು” ಅಂದೆ. “ಆಗ ಅಲ್ಲಿ ಇದ್ದದ್ದು ಇವ ಸಾಸಿವಿ.”

ಅಕ್ಕ ನನ್ನನ್ನು ನೋಡಿದಳು, ದಿಂಬನ್ನು ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಚೀಲದ ಖಾಲಿ ಭಾಗವನ್ನು ಒಳಗೆ ಮಡಿಸಿ, ಕೂಸನ್ನು ಎತ್ತಿ ಅದರ ತಲೆಯನ್ನು ದಿಂಬಿನ ಮೇಲೆ ಇಟ್ಟಳು. ಸಾಸಿವೆ ಸರ್ರೆಂದು ಸರಿದು ಜಾಗ ಮಾಡಿಕೊಟ್ಟಿತು. ಈ ಸಲ ಅದು ಅಕ್ಕನಿಗೂ ಕೇಳಿಸಿತು. ಕಣ್ಣೊರೆಸಿಕೊಂಡು ಎದ್ದು, ಕತ್ತರಿಸಿದ ಪೊಟ್ಟಣವನ್ನು ಅಡಿಗೆಮನೆಗೆ ಒಯ್ದು, ಒಗ್ಗರಣೆ ಡಬ್ಬಿಗೆ ಸುರಿದು ಬಂದಳು.